ದೇವರಾಯನದುರ್ಗಕ್ಕೆ ಹೋಗಿ ಬರೀ ಕೋತಿ ನೋಡಿ ಬರಬೇಡಿ: ಒಂದು ಬೆಳಗಿನ ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ಪರಿಚಯದವರು ಯಾರಾದರೂ ಸೋಮವಾರ ಸಿಕ್ಕಿ "ನಿನ್ನೆ ದುರ್ಗಕ್ಕೆ ಹೋಗಿದ್ವಿ, ನೀವು ಹೇಳೋ ಥರ ಏನೂ ಕಾಣಲಿಲ್ಲ, ಬರೀ ಕೋತಿ" ಅಂದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಮೊದಲು ಎಲ್ಲಿಗೆ ಹೋದಿರಿ? ಉತ್ತರವೂ ಪ್ರತಿ ಸಲ ಒಂದೇ. ಸೀದಾ ಮೇಲಕ್ಕೆ, ಯೋಗಾನರಸಿಂಹನ ಗುಡಿಗೆ. ಅಲ್ಲಿಂದ ಇಳಿದು ನೀರಿನ ಬುಗ್ಗೆ ಇರುವ ನಾಮದ ಚಿಲುಮೆ. ಜಿಂಕೆ ನೋಡಿ, ಚುರುಮುರಿ ತಿಂದು ಮನೆಗೆ.

ತಪ್ಪು ಅಲ್ಲೇ ಇದೆ. ಈ ಬೆಟ್ಟದ ಜೀವಿಗಳು ತುದಿಯಲ್ಲಿಲ್ಲ, ಪಕ್ಕೆಯಲ್ಲಿವೆ. ಬಿಸಿಲು ಏರುವ ಮುಂಚೆ ಪಕ್ಕೆಯ ಬಂಡೆ, ಕುರುಚಲು, ಹುತ್ತ ನೋಡಬೇಕು. ಗುಡಿ ಎಲ್ಲಿಗೂ ಓಡಿಹೋಗುವುದಿಲ್ಲ, ಕೊನೆಗೆ ಹತ್ತಿದರಾಯಿತು. ಅದೇ ಜಾಗಗಳು, ಅದೇ ನಾಲ್ಕು ಗಂಟೆ. ಅನುಕ್ರಮ ಮಾತ್ರ ತಿರುಗಿಸಿ. ಹೇಗೆ ಅಂತ ಹಂತ ಹಂತವಾಗಿ ಕೆಳಗೆ ಬರೆದಿದ್ದೇನೆ.

ಹಂತ 1: ತಿಂಗಳು ಮತ್ತು ವಾರ ಆರಿಸಿಕೊಳ್ಳಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಉತ್ತರದಿಂದ ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳು ಆಗ ಇರುತ್ತವೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜಾಸ್ತಿ. ಅದು ಮುಗಿದ ಮೇಲೆ ಪೊದೆಗಳಲ್ಲಿ ಹಣ್ಣು, ಹುಳ ಎರಡೂ ತುಂಬಿರುತ್ತವೆ.

ಮಾರ್ಚ್, ಏಪ್ರಿಲ್‌ನಲ್ಲಿ ಹೋಗಬಾರದು ಅಂತಲ್ಲ. ಎಲೆ ಉದುರಿ ಕಾಡು ಬಯಲಾಗಿರುತ್ತದೆ, ಪ್ರಾಣಿ ಕಾಣುವ ಸಾಧ್ಯತೆ ಹೆಚ್ಚು. ಆದರೆ ಅದು ಬೆಂಕಿಯ ಕಾಲವೂ ಹೌದು. ಬೆಟ್ಟದ ಮೇಲೆ ಆಳೆತ್ತರ ಬೆಳೆದ ಹುಲ್ಲು ಗರಿಗರಿಯಾಗಿ ಒಣಗಿರುತ್ತದೆ, ಒಂದು ಬೀಡಿ ತುಂಡು ಸಾಕು. ದೂರದಲ್ಲಿ ಹೊಗೆ ಕಂಡರೆ "ಹತ್ತಿರ ಹೋಗಿ ನೋಡೋಣ" ಅನ್ನಬೇಡಿ. ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ವೇಗವಾಗಿ ಏರುತ್ತದೆ. ಗಾಡಿ ತಿರುಗಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ವಾರದ ವಿಷಯಕ್ಕೆ ಬಂದರೆ ಭಾನುವಾರ ಬೇಡ. ಶನಿವಾರವೂ ನರಸಿಂಹನ ಭಕ್ತರು ಬರುತ್ತಾರೆ. ಫಾಲ್ಗುಣದಲ್ಲಿ ತೇರು ನಡೆಯುವ ದಿನಗಳಲ್ಲಿ ದೇವರನ್ನು ನೋಡಿ, ಹಕ್ಕಿ ನೋಡುವ ಆಸೆ ಬಿಡಿ. ನಾನು ಬುಧವಾರವೋ ಗುರುವಾರವೋ ರಜೆ ಹಾಕಿ ಹೋಗುತ್ತೇನೆ.

ಹಂತ 2: ಹಿಂದಿನ ರಾತ್ರಿಯೇ ಚೀಲ ಕಟ್ಟಿಡಿ

ಬೆಳಿಗ್ಗೆ ಎದ್ದು ಹುಡುಕಾಡಿದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಆ ಅರ್ಧ ಗಂಟೆಯೇ ಬೆಳಗಿನ ಅತಿ ಒಳ್ಳೆಯ ಅರ್ಧ ಗಂಟೆ.

ಮುಖ್ಯವಾಗಿ ಬೇಕಾದದ್ದು ಬೈನಾಕ್ಯುಲರ್. ಅದರ ಮೇಲೆ 8×42 ಅಂತ ಬರೆದಿದ್ದರೆ ಸಾಕು. 8 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್ ಲೆಕ್ಕದಲ್ಲಿ. ಗಾಜು ಅಗಲವಿದ್ದಷ್ಟೂ ಮಬ್ಬುಗತ್ತಲಲ್ಲಿ ಚೆನ್ನಾಗಿ ಕಾಣುತ್ತದೆ. ಜಾತ್ರೆಯಲ್ಲಿ ಸಿಗುವ "ಐವತ್ತು ಪಟ್ಟು" ದುರ್ಬೀನು ಕೈನಡುಕವನ್ನೂ ಐವತ್ತು ಪಟ್ಟು ಮಾಡುತ್ತದೆ. ತಗೋಬೇಡಿ. ಸಾಲ ತಂದರೂ ಪರವಾಗಿಲ್ಲ, ಆದರೆ ಹಿಂದಿನ ಸಂಜೆ ಮನೆಯ ತಾರಸಿ ಮೇಲೆ ನಿಂತು ತಂತಿ ಮೇಲಿನ ಕಾಗೆಯನ್ನು ಹಿಡಿದು ಅಭ್ಯಾಸ ಮಾಡಿ. ಕಣ್ಣು ಹಕ್ಕಿಯ ಮೇಲೇ ಇರಬೇಕು, ಬೈನಾಕ್ಯುಲರ್ ಮೇಲೆದ್ದು ಕಣ್ಣಿಗೆ ಬರಬೇಕು. ಬಗ್ಗಿ ಬೈನಾಕ್ಯುಲರ್ ನೋಡಿ, ಆಮೇಲೆ ಹಕ್ಕಿ ಹುಡುಕಿದರೆ ಸಿಗುವುದಿಲ್ಲ.

ಬಟ್ಟೆ ಮಣ್ಣು ಬಣ್ಣದ್ದು, ಮಾಸಲು ಹಸಿರು, ಇಲ್ಲವೇ ಬೂದು. ನನ್ನ ಮೊದಲ ಸಲ ಹೊಸ ಕೆಂಪು ಜರ್ಕಿನ್ ಹಾಕಿಕೊಂಡು ಹೋಗಿದ್ದೆ. ಚಳಿ ತಡೆಯಿತು, ಹಕ್ಕಿಯನ್ನೂ ತಡೆಯಿತು. ಉದ್ದ ಪ್ಯಾಂಟು, ಕಣಕಾಲು ಮುಚ್ಚುವ ಶೂ ಕಡ್ಡಾಯ. ಚಪ್ಪಲಿ ಹಾಕಿಕೊಂಡು ಬಂಡೆ ಹತ್ತಬೇಡಿ. ಸೆಂಟು, ಡಿಯೋಡರೆಂಟ್ ಯಾವುದೂ ಬೇಡ. ಯಾಕೆ ಅಂತ ಹೆಜ್ಜೇನಿನ ಮಾತು ಬಂದಾಗ ಹೇಳುತ್ತೇನೆ.

ಮತ್ತೆ, ತಲೆಗೆ ಎರಡು ಲೀಟರ್ ನೀರು, ಒಂದು ನೋಟ್‌ಬುಕ್, ಪೆನ್ಸಿಲ್, ಟಾರ್ಚು. ತಿಂಡಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಬಟ್ಟೆ ಚೀಲದಲ್ಲಿಟ್ಟು, ಗಾಡಿಯ ಒಳಗೇ ಬಿಡಿ. ಪ್ಲಾಸ್ಟಿಕ್ ಕವರಿನ ಸರಸರ ಸದ್ದಿಗೆ ಅಲ್ಲಿನ ಕೋತಿಗಳು ಎಷ್ಟು ದೂರದಿಂದಲಾದರೂ ಬರುತ್ತವೆ.

ಮೊಬೈಲ್‌ಗೆ ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಮೆರ್ಲಿನ್ ಆ್ಯಪ್ ಹಾಕಿಕೊಂಡು, ನಮ್ಮ ಭಾಗದ ಹಕ್ಕಿಗಳ ಪ್ಯಾಕ್ ಮನೆಯಲ್ಲೇ ಇಳಿಸಿಕೊಳ್ಳಿ. ಬೆಟ್ಟದ ಮರೆಯಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ.

ಹಂತ 3: ಹೊರಡುವ ಹೊತ್ತು, ಹಿಡಿಯುವ ದಾರಿ

ತುಮಕೂರಿನಿಂದ ದುರ್ಗ ಸುಮಾರು 15 ಕಿಲೋಮೀಟರ್. ಬೆಳಗುಂಬದ ಮೇಲೆ ಹೋದರೆ ಮೊದಲು ನಾಮದ ಚಿಲುಮೆ, ಆಮೇಲೆ ದುರ್ಗ. ಬೆಂಗಳೂರಿನಿಂದ ಬರುವವರಿಗೆ ಡಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಊರ್ಡಿಗೆರೆ ಕಡೆಯಿಂದ ಬರುವ ದಾರಿಯೂ ಇದೆ.

ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲಿನ ಹೊತ್ತಿಗೆ. ಅಷ್ಟರಲ್ಲಿ ನೀವು ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿರಬೇಕು. ಅಂದರೆ ತುಮಕೂರು ಬಿಡುವುದು ಆರಕ್ಕೆ. ಬೆಂಗಳೂರಿನವರು ನಾಲ್ಕೂವರೆಗೇ ಮನೆ ಬಿಡಬೇಕು. ಅವರು ಮಾಡುವ ದೊಡ್ಡ ತಪ್ಪು ಅಂದರೆ ಡಾಬಸ್‌ಪೇಟೆಯಲ್ಲಿ ತಿರುಗದೆ ಸೀದಾ ಬಂದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲುವುದು. ಇಡ್ಲಿ, ಮೇಲೊಂದು ವಡೆ, ಒಂದು ಕಾಫಿ, ಗುಂಪಿನಲ್ಲಿ ಒಬ್ಬರಿಗೆ ಇನ್ನೊಂದು ಕಾಫಿ. ದುರ್ಗ ಮುಟ್ಟುವಾಗ ಎಂಟೂವರೆ. ಹಕ್ಕಿಗಳೂ ಅಷ್ಟರಲ್ಲಿ ತಿಂಡಿ ಮುಗಿಸಿರುತ್ತವೆ. ತಟ್ಟೆ ಇಡ್ಲಿ ವಾಪಸ್ ಬರುವಾಗ ತಿನ್ನಿ.

ದಾರಿಯಲ್ಲಿ ನಾಮದ ಚಿಲುಮೆ ಸಿಕ್ಕಾಗ ನಿಲ್ಲಬೇಡಿ, ಅದು ಕೊನೆಯ ಹಂತಕ್ಕೆ. ಕಾಡಿನ ಭಾಗ ಶುರುವಾದ ಮೇಲೆ ಗಂಟೆಗೆ 20 ಕಿಲೋಮೀಟರ್ ದಾಟಬೇಡಿ. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ರಸ್ತೆಯ ಅಂಚು ನೋಡುತ್ತಾ ಹೋಗಿ. ನವಿಲು, ಗೌಜಲಹಕ್ಕಿ, ಮುಂಗುಸಿ, ಮೊಲ ರಸ್ತೆಗೆ ಬರುವುದು ಈ ಹೊತ್ತಿನಲ್ಲೇ.

ಒಂದು ಎಚ್ಚರ. ಬೇಗ ಬಂದಿರಿ ಅಂತ ಕತ್ತಲಲ್ಲೇ ಗಾಡಿಯಿಂದ ಇಳಿಯಬೇಡಿ. ಇದು ಕರಡಿ, ಚಿರತೆ ಇರುವ ಕಾಡು. ನಿಮ್ಮ ಅಂಗೈ ಗೆರೆ ನಿಮಗೇ ಕಾಣುವಷ್ಟು ಬೆಳಕಾಗುವವರೆಗೆ ಒಳಗೇ ಕೂತಿರಿ. ನನ್ನ ಮಟ್ಟಿಗೆ ಇದು ನಿಯಮವೇ.

ಹಂತ 4: ಮೊದಲ ನಿಲುಗಡೆ, ಹತ್ತು ನಿಮಿಷ ಸುಮ್ನೆ

ಬೆಟ್ಟದ ಬುಡಕ್ಕಿಂತ ಮುಂಚೆ, ರಸ್ತೆ ಅಗಲವಿರುವ ಕಡೆ, ತಿರುವಿನಲ್ಲಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿ. ಇಳಿದು ಬಾಗಿಲು ಧಡ್ ಅಂತ ಹಾಕಬೇಡಿ. ಒತ್ತಿ ಹಾಕಿ. ಇಷ್ಟು ಸಣ್ಣ ವಿಷಯ ಬರೆಯಬೇಕಾ ಅನ್ನಬಹುದು. ನಾಲ್ಕು ಬಾಗಿಲ ಕಾರು, ನಾಲ್ಕು ಸಲ ಧಡ್. ಅದಾದ ಮೇಲೆ ಆ ಇಳಿಜಾರಿನಲ್ಲಿ ಏನೂ ಉಳಿದಿರುವುದಿಲ್ಲ.

ಇಳಿದ ಮೇಲೆ ನಡೆಯಬೇಡಿ. ಗಾಡಿ ಪಕ್ಕದಲ್ಲೇ ಹತ್ತು ನಿಮಿಷ ನಿಲ್ಲಿ. ಮೊದಲ ಮೂರು ನಿಮಿಷ ಏನೂ ಇಲ್ಲ ಅನ್ನಿಸುತ್ತದೆ, ಬಹಳ ಜನ ಆಗಲೇ ಹೊರಟುಬಿಡುತ್ತಾರೆ. ನಾಲ್ಕನೆಯ ನಿಮಿಷಕ್ಕೆ ಮಡಿವಾಳ ಹಕ್ಕಿ ಒಂದು ಶಿಳ್ಳೆ ಹಾಕುತ್ತದೆ. ಹರಟೆಮಲ್ಲಗಳ ಗುಂಪು ಬೈದಾಡುತ್ತಾ ತರಗೆಲೆ ಕೆದಕಲು ಶುರು ಮಾಡುತ್ತದೆ. ಕಾಜಾಣ ತಂತಿಯಿಂದ ಹಾರಿ ಹುಳ ಹಿಡಿದು ಅದೇ ತಂತಿಗೆ ವಾಪಸ್ ಬರುತ್ತದೆ. ನೀವು ಬಂದದ್ದನ್ನು ಕಾಡು ಮರೆಯಲು ಅಷ್ಟು ಹೊತ್ತು ಬೇಕು.

ಈ ಹತ್ತು ನಿಮಿಷದಲ್ಲಿ ಕಿವಿಗೆ ಕೆಲಸ ಕೊಡಿ. ಮೆರ್ಲಿನ್ ಆನ್ ಮಾಡಿ ಮೊಬೈಲನ್ನು ಗಾಡಿಯ ಬಾನೆಟ್ ಮೇಲಿಡಿ. ಅದು ಹೇಳಿದ್ದೆಲ್ಲ ನಿಜವಲ್ಲ, ಕಣ್ಣಿಗೆ ಎಲ್ಲಿ ಹುಡುಕಬೇಕು ಅಂತ ಸುಳಿವು ಅಷ್ಟೇ. ಹಕ್ಕಿಯ ದನಿಯನ್ನು ಮೊಬೈಲ್‌ನಲ್ಲಿ ಹಾಕಿ ಕರೆಯುವುದು ಮಾತ್ರ ಬೇಡವೇ ಬೇಡ. ತನ್ನ ಜಾಗಕ್ಕೆ ಬೇರೆ ಗಂಡು ಬಂದಿದೆ ಅಂತ ಅದು ಮೇವು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ನಿಮಗೆ ಫೋಟೋ ಸಿಗಬಹುದು, ಅದರ ಬೆಳಗು ಹಾಳು.

ಹಂತ 5: ಬಂಡೆ ಮತ್ತು ಕುರುಚಲು, ಇಲ್ಲಿಯೇ ಒಂದೂವರೆ ಗಂಟೆ

ಇಡೀ ಮಾರ್ಗದರ್ಶಿಯಲ್ಲಿ ಇದೇ ಮುಖ್ಯ ಹಂತ. ದುರ್ಗಕ್ಕೆ ದೂರದೂರದಿಂದ ಹಕ್ಕಿ ನೋಡುವವರು ಬರುವುದು ಹಳದಿ ಕೊರಳಿನ ಪಿಕಳಾರಕ್ಕೆ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ದಟ್ಟ ಕಾಡಿನಲ್ಲೂ ಇರುವುದಿಲ್ಲ, ಬಯಲಿನಲ್ಲೂ ಇರುವುದಿಲ್ಲ. ಗುಂಡುಬಂಡೆಗಳ ನಡುವೆ ಪೊದೆ ಬೆಳೆದ ಇಳಿಜಾರೇ ಬೇಕು. ನಂದಿಬೆಟ್ಟದಲ್ಲೂ ಇದೆ. ಕಲ್ಲುಗುಡ್ಡಗಳು ಕ್ವಾರಿಯಾದಷ್ಟೂ ಇದರ ಮನೆ ಕಡಿಮೆಯಾಗುತ್ತದೆ.

ಗಾಡಿಯನ್ನು ದುರ್ಗದ ಊರಿನ ಹತ್ತಿರ, ಭೋಗಾನರಸಿಂಹನ ಗುಡಿಯ ಸುತ್ತಮುತ್ತ ಬಿಟ್ಟು, ಮೇಲೆ ಏರುವ ಘಾಟಿ ರಸ್ತೆಯಲ್ಲಿ ನಡೆದೇ ಹೊರಡಿ. ಹೌದು, ಮೇಲಿನವರೆಗೂ ಗಾಡಿ ಹೋಗುತ್ತದೆ. ಅದಕ್ಕೇ ಎಲ್ಲರೂ ಈ ಹಕ್ಕಿಯನ್ನು ದಾಟಿಕೊಂಡು ಹೋಗುವುದು.

ನೂರು ಹೆಜ್ಜೆ ನಡೆಯಿರಿ, ಐದು ನಿಮಿಷ ನಿಲ್ಲಿ. ಹೀಗೇ ಮೇಲಕ್ಕೆ. ಎರಡು ಕಡೆ ಕಣ್ಣಿಡಿ. ಒಂದು, ಬಂಡೆಯ ನೆತ್ತಿ. ಇನ್ನೊಂದು, ಬಂಡೆ ಸೀಳಿನಲ್ಲಿ ಬೇರು ಬಿಟ್ಟ ಆಲದ ಮರ, ಗೋಣಿಮರದಂಥವು. ಅವುಗಳಲ್ಲಿ ಹಣ್ಣು ಬಿಟ್ಟಿದ್ದರೆ ಮುಂದೆ ಹೋಗಲೇಬೇಡಿ. ಪಿಕಳಾರ ಅಲ್ಲಿಗೇ ಬರುತ್ತದೆ.

ಈಗ ಎಲ್ಲರೂ ಎಡವುವ ಜಾಗ. ದುರ್ಗದಲ್ಲಿ ಪಿಕಳಾರ ಒಂದೇ ಥರ ಇಲ್ಲ. ತಲೆ ಮೇಲೆ ಚೂಪು ಜುಟ್ಟು, ಕೆನ್ನೆಯಲ್ಲಿ ಕೆಂಪು ಚುಕ್ಕೆ ಇದ್ದರೆ ಕೆಮ್ಮೀಸೆ ಪಿಕಳಾರ. ಕಪ್ಪು ತಲೆ, ಬಾಲದ ಬುಡದಲ್ಲಿ ಕೆಂಪು ಇದ್ದರೆ ನಮ್ಮ ಹಿತ್ತಲಿಗೂ ಬರುವ ಸಾಮಾನ್ಯ ಪಿಕಳಾರ. ಇವೆರಡರಲ್ಲಿ ಯಾರೂ ಮೋಸ ಹೋಗುವುದಿಲ್ಲ. ಮೋಸ ಮಾಡುವುದು ಬಿಳಿಹುಬ್ಬಿನ ಪಿಕಳಾರ. ಅದೂ ಮಾಸಲು ಹಸಿರು-ಕಂದು, ಅದರ ಬಾಲದ ಬುಡದಲ್ಲೂ ಹಳದಿ, ದನಿಯೂ ಹತ್ತಿರ ಹತ್ತಿರ ಹಾಗೇ. ನಾನು ಎರಡು ವರ್ಷ ಇದನ್ನೇ ನೋಡಿ "ಹಳದಿ ಕೊರಳಿನದು ಸಿಕ್ಕಿತು" ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಆಮೇಲೆ ಅಷ್ಟೂ ಸಾಲು ಹೊಡೆದು ಹಾಕಬೇಕಾಯಿತು.

ಗುರುತಿಸುವುದು ಹೀಗೆ. ಮೊದಲು ಮುಖ ನೋಡಿ. ಕಣ್ಣಿನ ಮೇಲೆ ಬೆಳ್ಳಗೆ ಹುಬ್ಬಿನಂಥ ಗೆರೆ ಇದ್ದರೆ ಅದು ನಿಮಗೆ ಬೇಕಾದ ಹಕ್ಕಿ ಅಲ್ಲ. ಹಳದಿ ಕೊರಳಿನದಕ್ಕೆ ಹುಬ್ಬೂ ಇಲ್ಲ, ಜುಟ್ಟೂ ಇಲ್ಲ. ತಲೆ ನುಣ್ಣಗೆ, ಹಸಿರು ಮಿಶ್ರಿತ ಹಳದಿ. ಆಮೇಲೆ ಗಂಟಲು. ಅರಿಶಿನ ಬಳಿದ ಹಾಗೆ ಹಳದಿ, ಅದರ ಕೆಳಗೆ ಎದೆ ಬೂದು. ಹಾರುವಾಗ ಬಾಲದ ತುದಿ ತಿಳಿಬಣ್ಣ ಕಾಣುತ್ತದೆ. ಜಾಗವೂ ಸುಳಿವೇ. ಬಿಳಿಹುಬ್ಬಿನದು ಪೊದೆಯ ಒಳಗೇ ಕೂತು ಗಲಾಟೆ ಮಾಡುತ್ತದೆ. ಹಳದಿ ಕೊರಳಿನದು ಪೊದೆಯ ತುದಿಗೋ ಬಂಡೆಯ ನೆತ್ತಿಗೋ ಬಂದು ಒಂದು ಗಳಿಗೆ ಕೂತು, ನೀವು ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಇಳಿಜಾರಿನ ಕೆಳಕ್ಕೆ ಧುಮುಕಿಬಿಡುತ್ತದೆ. ಬಹಳ ನಾಚಿಕೆಯ ಹಕ್ಕಿ.

ಧುಮುಕಿದರೆ ಹಿಂದೆ ಓಡಬೇಡಿ. ಬಂಡೆಗಳ ನಡುವೆ ಕಾಲು ಸಿಕ್ಕಿಕೊಳ್ಳುತ್ತದೆ, ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ ಕೂಡ. ನಿಂತಲ್ಲೇ ನಿಲ್ಲಿ. ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಒಂದು ಹೋದ ದಾರಿಯಲ್ಲೇ ಇನ್ನೊಂದು ಬರುವ ಸಾಧ್ಯತೆ ಇದೆ.

ಪಿಕಳಾರಕ್ಕೆ ಕಾಯುವಾಗ ಬಂಡೆಯನ್ನೇ ನೋಡುತ್ತಿರಿ. ಬಿಸಿಲು ಬಿದ್ದ ಮೇಲೆ ಬಂಡೆ ಓತಿಗಳು ಹೊರಬರುತ್ತವೆ. ಮರಿ ಮಾಡುವ ಕಾಲದಲ್ಲಿ ಗಂಡು ಓತಿಯ ಬೆನ್ನು ಕೆಂಡದಂತೆ ಕೆಂಪು, ಪಕ್ಕ ಮಸಿಯಂತೆ ಕಪ್ಪು. ಇನ್ನೊಂದು ಗಂಡು ಹತ್ತಿರ ಬಂದರೆ ಮುಂಗಾಲಿನ ಮೇಲೆ ಎದ್ದೆದ್ದು ಬಸ್ಕಿ ಹೊಡೆಯುತ್ತದೆ. ಹೆದರಿದರೆ ಬಣ್ಣ ಕಣ್ಣೆದುರೇ ಮಂಕಾಗುತ್ತದೆ. ಒಂದು ಸಲ ಒಂದು ಓತಿ ಸೋತು ಬಂಡೆ ಬಣ್ಣಕ್ಕೆ ತಿರುಗಿದ್ದನ್ನು ನೋಡಿ ನನ್ನ ಅಣ್ಣನ ಮಗ ಪಿಕಳಾರವನ್ನು ಮರೆತೇಬಿಟ್ಟ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಈ ಓತಿಯಿಂದಲೇ ಶುರು ಮಾಡಿ.

ಚಳಿಗಾಲವಾದರೆ ನೀರಿನ ಪಸೆ ಇರುವ ಕಡೆ ಬಾಲ ಕುಣಿಸುವ ಸಿಪಿಲೆಗಳು ಸಿಗುತ್ತವೆ. ಅಕ್ಟೋಬರ್‌ನಲ್ಲಿ ಪೊದೆಯ ಕೆಳಗೆ ತರಗೆಲೆ ಸರಿದಾಡಿದರೆ ಸ್ವಲ್ಪ ನಿಂತು ನೋಡಿ, ದಕ್ಷಿಣಕ್ಕೆ ಹೊರಟ ನವರಂಗ ಹಕ್ಕಿ ಒಂದು ದಿನದ ಮಟ್ಟಿಗೆ ಇಳಿದಿರಬಹುದು.

ಹಂತ 6: ಪ್ರಾಣಿ ಹುಡುಕಬೇಡಿ, ಗುರುತು ಹುಡುಕಿ

ಕರಡಿ ನೋಡಲೇಬೇಕು ಅಂತ ಹೋಗುವುದು ಮೂರ್ಖತನ. ಕಂಡರೆ ನಿಮಗೂ ಒಳ್ಳೆಯದಲ್ಲ, ಅದಕ್ಕೂ ಒಳ್ಳೆಯದಲ್ಲ. ಆದರೆ ರಾತ್ರಿ ಅದು ಏನು ಮಾಡಿತು ಅಂತ ರಸ್ತೆ ಪಕ್ಕದಲ್ಲೇ ಓದಬಹುದು.

ಹುತ್ತಗಳನ್ನು ನೋಡಿ. ಬುಡದಲ್ಲಿ ದೊಡ್ಡ ತೂತು, ಸುತ್ತ ಹಸಿ ಮಣ್ಣು ಚೆಲ್ಲಾಡಿದ್ದರೆ ಅದು ಕರಡಿಯ ಕೆಲಸ. ಉಗುರಿನಿಂದ ಅಗೆದು, ಮೂತಿ ಇಟ್ಟು, ಗೆದ್ದಲನ್ನು ಜೋರಾಗಿ ಹೀರುತ್ತದೆ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅದಕ್ಕಿಲ್ಲ, ಹೀರಲು ಅಲ್ಲೇ ದಾರಿ. ಆ ಮಣ್ಣು ಇನ್ನೂ ತೇವವಾಗಿದ್ದರೆ, ಅಂಚು ಒಣಗಿ ಉದುರದಿದ್ದರೆ, ಅದು ನಿನ್ನೆ ರಾತ್ರಿಯದ್ದು. ಅಲ್ಲಿಂದ ಮುಂದೆ ಗುಂಪಾಗಿ, ಸ್ವಲ್ಪ ಮಾತಾಡುತ್ತಾ ನಡೆಯಿರಿ. ಹಂತ 4ರಲ್ಲಿ ಸುಮ್ನಿರಿ ಅಂದಿದ್ದೆ, ಇಲ್ಲಿ ಮಾತಾಡಿ ಅನ್ನುತ್ತಿದ್ದೇನೆ. ಕರಡಿಗೆ ಕಣ್ಣು, ಕಿವಿ ಮಂದ. ಇದ್ದಕ್ಕಿದ್ದಂತೆ ಎದುರಾದರೆ ಹೆದರಿ ಮೇಲೆ ಬೀಳುತ್ತದೆ. ನೀವು ಬರುವುದು ಮೊದಲೇ ಗೊತ್ತಾದರೆ ಸರಿದು ಹೋಗುತ್ತದೆ.

ಅದರ ಮಲದಲ್ಲಿ ಕಾಲಕ್ಕೆ ತಕ್ಕ ಹಣ್ಣಿನ ಬೀಜ, ಇರುವೆಯ ಚೂರು ಕಾಣುತ್ತವೆ. ಕಡ್ಡಿಯಿಂದ ನೋಡಿ, ಕೈ ಹಾಕಬೇಡಿ.

ಧೂಳಿನಲ್ಲಿ ಹೆಜ್ಜೆ ಗುರುತು ಕಂಡರೆ ಮೊದಲು ಉಗುರು ನೋಡಿ. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ ಇದ್ದರೆ ನಾಯಿಯ ಜಾತಿ. ನಾಲ್ಕು ಬೆರಳು, ಉಗುರಿಲ್ಲದೆ ದುಂಡಗಿದ್ದರೆ ಬೆಕ್ಕಿನ ಜಾತಿ. ಅದು ನಿಮ್ಮ ಮುಷ್ಟಿಯಷ್ಟು ಅಗಲವಿದ್ದರೆ ಚಿರತೆ. ಐದು ಬೆರಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ, ಮುಂದೆ ಉದ್ದ ಉಗುರು ಇದ್ದರೆ ಕರಡಿ. ಅದರ ಹಿಂಗಾಲಿನ ಗುರುತು ಮನುಷ್ಯನ ಪಾದದಂತೆಯೇ ಇರುತ್ತದೆ.

ಚಿರತೆಯ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ. 2019-20ರಲ್ಲಿ ತುಮಕೂರು ಸುತ್ತಲಿನ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಸತ್ತಿದ್ದಾರೆ, ಮಕ್ಕಳೂ ಸೇರಿ. ಮಕ್ಕಳು ಮುಂದೆ ಓಡುವುದಾಗಲಿ, ಹಿಂದೆ ಉಳಿಯುವುದಾಗಲಿ ಬೇಡ. ನಡುವೆ ಇರಲಿ. ಪೊದೆ ಪಕ್ಕದಲ್ಲಿ ಯಾರೂ ಒಬ್ಬರೇ ಕುಕ್ಕರಗಾಲಲ್ಲಿ ಕೂರುವುದು ಬೇಡ.

ಕೋತಿಗಳು ಒಂದೇ ದಿಕ್ಕಿಗೆ ಮುಖ ಮಾಡಿ ಬಿಡದೆ ಕಿರುಚುತ್ತಿದ್ದರೆ, ನವಿಲೂ ಅದೇ ಕಡೆಯಿಂದ ಕೂಗಿದರೆ, ಆ ದಿಕ್ಕಿಗೆ ಹೋಗಬೇಡಿ. ಗಾಡಿಯ ಕಡೆ ತಿರುಗಿ.

ಹಂತ 7: ಈಗ ಮೇಲೆ, ಗುಡಿಗೆ

ಒಂಬತ್ತು ಗಂಟೆ ಆಗಿರುತ್ತದೆ. ಹಕ್ಕಿಗಳ ಗಲಾಟೆ ಇಳಿದಿರುತ್ತದೆ. ಈಗ ಮೆಟ್ಟಿಲು ಹತ್ತಿ. ತುದಿ ಸುಮಾರು 3,940 ಅಡಿ. ಮೇಲೆ ಬಿಸಿಗಾಳಿ ಏಳುವ ಹೊತ್ತಾದ್ದರಿಂದ ಗಿಡುಗಗಳು ರೆಕ್ಕೆ ಬಡಿಯದೆ ಸುತ್ತು ಹಾಕುವುದು ಈಗಲೇ. ಬೆಳಿಗ್ಗೆ ಆರಕ್ಕೆ ಹತ್ತಿದವರಿಗೆ ಇವು ಸಿಗುವುದಿಲ್ಲ. ಗುಡಿ ಕೊನೆಗೆ ಅಂದದ್ದಕ್ಕೆ ಇದೂ ಒಂದು ಕಾರಣ. ಇಲ್ಲಿ ಇನ್ನೊಂದು ಅನುಕೂಲ, ಗಿಡುಗವನ್ನು ಕತ್ತೆತ್ತಿ ನೋಡಬೇಕಿಲ್ಲ. ಕೆಲವೊಮ್ಮೆ ನಿಮಗಿಂತ ಕೆಳಗೆ ಹಾರುತ್ತದೆ, ಬೆನ್ನಿನ ಬಣ್ಣ ಕಾಣುತ್ತದೆ.

ಕೋತಿಗಳ ಜೊತೆ ಮೂರು ವಿಷಯ. ಕೈಯಲ್ಲಿ ಏನೂ ಇರಬಾರದು, ಪ್ರಸಾದದ ಪೊಟ್ಟಣವೂ ಸೇರಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಹಲ್ಲು ಕಾಣುವಂತೆ ನಗಬಾರದು, ಅವಕ್ಕೆ ಅದು ನಗು ಅಲ್ಲ. ಚೀಲ ಹಿಡಿದುಕೊಂಡರೆ ಎಳೆದಾಡಬೇಡಿ, ಬಿಟ್ಟುಬಿಡಿ. ನನ್ನ ಚಿತ್ರಾನ್ನದ ಡಬ್ಬಿ ಹೀಗೇ ಹೋಯಿತು. ಕೋತಿ ಬಂಡೆ ಮೇಲೆ ಕೂತು ಮುಚ್ಚಳ ತೆಗೆದು, ಕಡಲೆಬೀಜ ಮಾತ್ರ ಆರಿಸಿ ತಿಂದು, ಅನ್ನ ಚೆಲ್ಲಿ, ಡಬ್ಬಿಯನ್ನು ಕೆಳಗೆ ಉರುಳಿಸಿತು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬಿಸ್ ಚುಚ್ಚುಮದ್ದಿಗೆ ಹೋಗಿ.

ಕೋತಿಗೆ ತಿನ್ನಲು ಕೊಡಬೇಡಿ ಅಂತ ಬೋರ್ಡೇ ಇರುತ್ತದೆ. ಬಾಳೆಹಣ್ಣು ಕೊಟ್ಟವರು ಪುಣ್ಯ ಕಟ್ಟಿಕೊಂಡು ಇಳಿಯುತ್ತಾರೆ. ಮುಂದಿನವರ ಕೈ ಚೀಲ ಹರಿಯುತ್ತದೆ.

ಹೆಜ್ಜೇನು, ಹಾವು, ಪಾಚಿ: ಮೂರು ಎಚ್ಚರಿಕೆ

ಚಿರತೆಗಿಂತ ನನಗೆ ಭಯ ಹೆಜ್ಜೇನಿನದು. ಬಂಡೆಯ ಚಾಚು, ದೊಡ್ಡ ಮರದ ಕೊಂಬೆ, ಗೋಪುರದ ಸಂದಿ, ಎಲ್ಲೆಲ್ಲಿ ಕಪ್ಪಗೆ ಅರ್ಧಚಂದ್ರದ ಹಾಗೆ ಜೋತಿದೆಯೋ ಅಲ್ಲಿ ನಿಂತು ಒಂದು ನಿಮಿಷ ಗಮನಿಸಿ. ಶಾಂತವಾಗಿದ್ದರೆ ಮೇಲ್ಮೈ ಅಲುಗುವುದಿಲ್ಲ. ಅವಕ್ಕೆ ಕಿರಿಕಿರಿಯಾದರೆ ತಟ್ಟಿಯ ಮೇಲೆ ಅಲೆ ಹರಿಯುತ್ತದೆ, ಗಾಳಿಗೆ ರೇಷ್ಮೆ ಸೀರೆ ಮಿರುಗಿದ ಹಾಗೆ. ನೋಡಲು ಚೆಂದ, ಆದರೆ ಅದು ಮೊದಲ ಎಚ್ಚರಿಕೆ. ಆ ಕ್ಷಣ ಸದ್ದಿಲ್ಲದೆ ಹಿಂದೆ ಸರಿಯಿರಿ. ಹೊಗೆ, ಸಿಗರೇಟು, ಗಂಧದಕಡ್ಡಿ, ಸೆಂಟು, ಕಲ್ಲೆಸೆತ ಇವೆಲ್ಲ ಅವನ್ನು ಎಬ್ಬಿಸುತ್ತವೆ.

ಎದ್ದೇಬಿಟ್ಟರೆ ಕೈ ಬೀಸಬೇಡಿ. ಮುಖ, ತಲೆ ಬಟ್ಟೆಯಿಂದ ಮುಚ್ಚಿ ನೇರ ಓಡಿ, ಗಾಡಿಯೊಳಗೆ ಹೋಗಿ ಕಿಟಕಿ ಏರಿಸಿ. ನೀರಿಗೆ ಹಾರಬೇಡಿ, ಮೇಲೆ ಕಾಯುತ್ತಿರುತ್ತವೆ. ಕೊಂಡಿಗಳನ್ನು ತಡಮಾಡದೆ ಕೆರೆದು ತೆಗೆಯಿರಿ. ಹತ್ತಾರು ಕಡೆ ಕಚ್ಚಿದ್ದರೆ, ಉಸಿರು ಕಟ್ಟಿದರೆ, ತುಟಿ ಊದಿದರೆ 112ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ.

ಹಾವಿನ ವಿಷಯ ಸರಳ. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬೇಡಿ, ಬಂಡೆ ಹತ್ತುವಾಗ ಮೇಲಿನ ಅಂಚನ್ನು ಕುರುಡಾಗಿ ಹಿಡಿಯಬೇಡಿ. ಕಲ್ಲು-ಕುರುಚಲಿನ ಜಾಗ ಗರಗಸ ಮಂಡಲಕ್ಕೆ ಇಷ್ಟ. ಸುಮಾರು ಮೊಳದುದ್ದ, ಮಣ್ಣಿನ ಬಣ್ಣ, ಆದರೆ ವಿಷ ಪೂರ್ತಿ. ಹುರುಪೆ ಉಜ್ಜಿಕೊಂಡು ಸರಸರ ಸದ್ದು ಮಾಡಿದರೆ ನಿಂತು ಹಿಂದಕ್ಕೆ ಹೆಜ್ಜೆ ಇಡಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಆ ಅಂಗ ಅಲುಗಾಡದಂತೆ ಇಟ್ಟು ಸೀದಾ ತುಮಕೂರಿನ ಜಿಲ್ಲಾಸ್ಪತ್ರೆಗೆ.

ಮಳೆಗಾಲದಲ್ಲಿ ಬಂಡೆಯ ಮೇಲಿನ ಕಪ್ಪು ಪಟ್ಟೆಗಳೆಲ್ಲ ಪಾಚಿ. ಒಣಗಿದಂತೆ ಕಂಡರೂ ಜಾರುತ್ತವೆ. ಬೆಳ್ಳಗಿರುವ ಕಡೆ ಕಾಲಿಡಿ. ಸೆಲ್ಫಿಗೆ ಅಂಚಿಗೆ ಹೋಗುವವರಿಗೆ ನಾನು ಹೇಳಿ ಹೇಳಿ ಸುಸ್ತಾಗಿದ್ದೇನೆ.

ಹಂತ 8: ಇಳಿಯುವಾಗ ನಾಮದ ಚಿಲುಮೆ

ಬಂಡೆಯ ಸಣ್ಣ ತೂತಿನಿಂದ ವರ್ಷವಿಡೀ ನೀರು ಬರುವ ಜಾಗ. ನಾಮ ಇಟ್ಟುಕೊಳ್ಳಲು ನೀರಿಲ್ಲದೆ ರಾಮ ಬಾಣ ಬಿಟ್ಟ ಅಂತ ಕಥೆ. ಬೇಲಿಯೊಳಗಿನ ಜಿಂಕೆಗಳಿಗೆ ಬ್ರೆಡ್ಡು, ಚುರುಮುರಿ ಹಾಕಬೇಡಿ, ಅವುಗಳ ಹೊಟ್ಟೆ ಕೆಡುತ್ತದೆ. ನಮಗೆ ಇಲ್ಲಿ ಕೆಲಸ ನೀರು ಮತ್ತು ದೊಡ್ಡ ಮರಗಳದ್ದು. ಹತ್ತು, ಹತ್ತೂವರೆಗೆ ಬಿಸಿಲು ಕಾದಾಗ ಕುರುಚಲಿನ ಹಕ್ಕಿಗಳು ನೆರಳಿಗೆ, ನೀರಿಗೆ ಬರುತ್ತವೆ. ಒಂದು ಮರದ ಬುಡದಲ್ಲಿ ಕೂತು, ನೀರು ಜಿನುಗುವ ಅಂಚನ್ನೇ ಅರ್ಧ ಗಂಟೆ ನೋಡಿ. ರಿಬ್ಬನ್ನಿನಂಥ ಉದ್ದ ಬಾಲದ ರಾಜಹಕ್ಕಿ ನನಗೆ ಸಿಕ್ಕಿದ್ದು ಇಲ್ಲೇ, ನಾನು ಚೀಲ ಕಟ್ಟಿ ಏಳುವಾಗ.

ಹಂತ 9: ಮನೆಗೆ ಬಂದ ಮೇಲೆ

ಹುಲ್ಲಿನಲ್ಲಿ ಓಡಾಡಿದ್ದರೆ ರಕ್ತ ಹೀರುವ ಉಣ್ಣೆಹುಳ ಹತ್ತಿರಬಹುದು. ಮೊಣಕಾಲ ಹಿಂಬದಿ, ಸೊಂಟ, ಮಕ್ಕಳ ಕಿವಿಯ ಹಿಂದೆ ನೋಡಿ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಬೆಂಕಿಕಡ್ಡಿ, ಸೀಮೆಎಣ್ಣೆ ಪ್ರಯೋಗ ಬೇಡ. ಬಟ್ಟೆ ಬಿಸಿನೀರಿಗೆ ಹಾಕಿ.

ಆಮೇಲೆ ನೋಟ್‌ಬುಕ್. ನಿಂತ ಜಾಗ, ಹೊತ್ತು, ಕಂಡದ್ದು, ಯಾವ ಮರದಲ್ಲಿ ಹಣ್ಣಿತ್ತು, ಇಷ್ಟು ಬರೆಯಿರಿ. ಹಕ್ಕಿ ನೋಡುವವರು ಪಟ್ಟಿ ಹಂಚಿಕೊಳ್ಳುವ ಇ-ಬರ್ಡ್‌ ಜಾಲತಾಣದಲ್ಲಿ ಹಾಕಿದರೆ ಬೇರೆಯವರಿಗೂ ಉಪಯೋಗ. ಖಚಿತವಿಲ್ಲದ ಹಕ್ಕಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ನನ್ನ ಮೊದಲ ಎರಡು ವರ್ಷದ ಪುಟಗಳಲ್ಲಿ ಅಂಥದ್ದು ಒಂದೂ ಇಲ್ಲ, ಹೊಡೆದು ಹಾಕಿದ ಗೆರೆಗಳೇ ಜಾಸ್ತಿ.